ಅಕ್ಷರಗುಂಡಿಗೆ ಬಂದ ಅತಿಥಿಗಳು

(ಬಾನುಲಿ ಭಾಷಣ)

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಿನಲ್ಲಿ ಒಂದು ಬಂಡೆಯಿದೆ. ಸುತ್ತಲಿನ ಹಳ್ಳಿಯವರು ಅದನ್ನು ಅಕ್ಷರಗುಂಡು ಎಂದು ಕರೆದರು. ಅದರ ಮೇಲಿನ ಬರಹವನ್ನು ಓದಬಲ್ಲವರು ಎಷ್ಟೋ ಶತಮಾನಗಳ ಕಾಲ ಇರಲಿಲ್ಲ. ಆದರೂ ಅದು ಬರಹವೆಂಬ ನೆನಪು ಮಾತ್ರ ಊರಿನ ಬಾಯಲ್ಲಿ ಉಳಿದಿತ್ತು. 1892ರಲ್ಲಿ ಮೈಸೂರು ಸಂಸ್ಥಾನದ ಬಿ. ಎಲ್. ರೈಸ್ ಅವರು ಈ ಬಂಡೆಯನ್ನೂ, ಹತ್ತಿರದ ಸಿದ್ದಾಪುರದ ಹಾಗೂ ಜಟಿಂಗರಾಮೇಶ್ವರ ಬೆಟ್ಟದ ಇನ್ನೆರಡು ಬರಹಗಳನ್ನೂ ಬೆಳಕಿಗೆ ತಂದು, ಇವು ಅಶೋಕ ಚಕ್ರವರ್ತಿಯ ಆಜ್ಞೆಗಳೆಂದು ಲೋಕಕ್ಕೆ ತಿಳಿಸಿದರು. ಮೌರ್ಯರ ಆಳ್ವಿಕೆ ಮೈಸೂರು ಸೀಮೆಯವರೆಗೆ ಚಾಚಿತ್ತೆಂಬುದಕ್ಕೆ ಕಲ್ಲಿನ ಸಾಕ್ಷ್ಯ ದೊರೆತದ್ದು ಆಗ.

ಆ ಬರಹದ ನಡುವೆ ಒಂದು ಸಂಖ್ಯೆಯಿದೆ: 256. ಇದರ ಅರ್ಥವೇನೆಂದು ವಿದ್ವಾಂಸರು ಬಹುಕಾಲ ವಾದ ಮಾಡಿದರು. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷವಿದು ಎಂದು ಬ್ಯೂಲರ್ ಮೊದಲಾದವರು ತಿಳಿದರು. ಪ್ರವಾಸದಲ್ಲಿ, ಅರಮನೆಯಿಂದ ಹೊರಗೆ ಕಳೆದ ರಾತ್ರಿಗಳ ಸಂಖ್ಯೆ ಎಂಬುದು ಅನಂತರ ಹೆಚ್ಚು ಮಂದಿ ಒಪ್ಪಿದ ಅರ್ಥ. ಹಾಗಿದ್ದಲ್ಲಿ, ಒಬ್ಬ ಚಕ್ರವರ್ತಿ 256 ರಾತ್ರಿಗಳನ್ನು ದಾರಿಯಲ್ಲಿ ಕಳೆದು ಆ ಲೆಕ್ಕವನ್ನು ತನ್ನ ಆಜ್ಞೆಯಲ್ಲಿಯೇ ಸೇರಿಸಿದ್ದಾನೆ.

ಇಂದಿನ ಪ್ರವಾಸೋದ್ಯಮದ ಪಂಡಿತರಿಗೆ ಅಶೋಕ ಈ ಒಂದು ವಿಷಯದಲ್ಲಿ ಬಹಳ ಹತ್ತಿರದವನು. ಅವರೂ ಎಣಿಸುವುದು ರಾತ್ರಿಗಳನ್ನೇ. 1963ರಲ್ಲಿ ರೋಮ್ ನಗರದಲ್ಲಿ ವಿಶ್ವಸಂಸ್ಥೆ ನಡೆಸಿದ ಸಮ್ಮೇಳನವು ಪರದೇಶದಿಂದ ಬರುವವರನ್ನು ಎರಡು ಪಂಗಡವಾಗಿ ವಿಂಗಡಿಸಿತು. ಇಪ್ಪತ್ತನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ ತಂಗುವವನು ಪ್ರವಾಸಿ. ಅದಕ್ಕೂ ಮೊದಲೇ ಹೊರಟುಬಿಡುವವನು ಬರಿಯ ವಿಹಾರಿ. ಈ ಭೇದ ಮೇಲುನೋಟಕ್ಕೆ ಗುಮಾಸ್ತರ ಕೆಲಸದಂತೆ ಕಾಣುತ್ತದೆ. ಆದರೆ ಪರದೇಶದ ಪ್ರವಾಸಿಯಿಂದ ನಾಡಿನ ಸಂಪತ್ತು ಬೆಳೆಯುತ್ತದೆಯೆ, ಬೆಳೆದರೆ ಅದು ಯಾರ ಸಂಪತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವನು ಮತ್ತೆ ಮತ್ತೆ ಈ ರಾತ್ರಿಯ ಲೆಕ್ಕಕ್ಕೇ ಬಂದು ನಿಲ್ಲಬೇಕಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರುಗಳ ಚರಿತ್ರೆಯನ್ನು ಈ ಒಂದು ಕಿಂಡಿಯಿಂದ ನೋಡುವುದು ಈ ಹೊತ್ತಿನ ನನ್ನ ಉದ್ದೇಶ.

ಈ ಸೀಮೆಗೆ ಬಂದ ಹೊರಗಿನವರಲ್ಲಿ ಹೆಸರು ಉಳಿದಿರುವ ಮೊದಲನೆಯವನು ಚಪಡ. ಅಕ್ಷರಗುಂಡಿನ ಬರಹವನ್ನು ಬರೆದ ಲಿಪಿಕಾರ ಆತ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ, ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದನು. ಖರೋಷ್ಠಿಯು ವಾಯವ್ಯ ಗಡಿಯ ಲಿಪಿ. ಪೆಷಾವರ, ತಕ್ಷಶಿಲೆಗಳ ಕಡೆಯದು. ಅಲ್ಲಿಯ ವಿದ್ಯೆ ಕಲಿತ ಒಬ್ಬ ಬರಹಗಾರ ಇಲ್ಲಿಗೆ ಬಂದು, ಓದುವವರು ಯಾರೂ ಇಲ್ಲದ ಕಡೆ, ತನ್ನ ಊರಿನ ಅಕ್ಷರದಲ್ಲಿ ರುಜು ಹಾಕಿದನು. ಸ್ಮಾರಕಗಳ ಮೇಲೆ ಹೆಸರು ಕೆತ್ತುವ ಇಂದಿನ ಪ್ರವಾಸಿಗಳನ್ನು ನಾವು ಬೈಯುತ್ತೇವೆ. ಚಪಡನನ್ನು ಮಾತ್ರ ಕ್ಷಮಿಸಬೇಕಾಗುತ್ತದೆ.

ಚಪಡ ವಿಹಾರಕ್ಕೆ ಬಂದವನಲ್ಲ, ಸರ್ಕಾರದ ಕೆಲಸಕ್ಕೆ ಬಂದವನು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿನ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಆಮೇಲೆ ಆಜ್ಞೆಯನ್ನು ತಿಳಿಸುತ್ತಾರೆ. ಇಸಿಲವೆಂಬುದು ಈ ಎಡೆಯ ಅಂದಿನ ಹೆಸರು. ಅದು ಕನ್ನಡದ ಮಾತೇ ಎಂದು, ಬಾಣ ಬಿಡುವುದಕ್ಕೆ ಸಂಬಂಧಿಸಿದ್ದೆಂದು ಡಿ. ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟರು. ಸುವರ್ಣಗಿರಿ ಯಾವುದೆಂಬ ಬಗೆಗೆ ಒಮ್ಮತವಿಲ್ಲ, ಹೆಸರಂತೂ ಚಿನ್ನದ್ದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡ ಬೀಡನ್ ಎಂಬಾತನೂ ಚಿನ್ನದ ಗಣಿಯ ಎಂಜಿನಿಯರನೇ. ಮೌರ್ಯರನ್ನು ಇಷ್ಟು ದೂರ ಎಳೆದು ತಂದದ್ದರಲ್ಲಿ ಧರ್ಮದ ಪಾಲೆಷ್ಟು, ಚಿನ್ನದ ಪಾಲೆಷ್ಟು ಎಂದು ಇತಿಹಾಸಕಾರರು ಕೇಳುವುದು ಸಹಜ. ಇಲ್ಲಿ ಊರಿತ್ತು, ದಾರಿಯಿತ್ತು, ಅಧಿಕಾರಿಗಳು ನೆಲಸುವಷ್ಟು ಅನುಕೂಲವಿತ್ತು. ಆದ್ದರಿಂದಲೇ ಆಜ್ಞೆಯನ್ನು ಇಲ್ಲಿ ಕೊರೆದರು. ನಿರ್ಜನ ಪ್ರದೇಶದಲ್ಲಿ ಯಾರೂ ಪ್ರಕಟಣೆ ಅಂಟಿಸುವುದಿಲ್ಲ.

ಮುಂದಿನ ಸಾಕ್ಷ್ಯ ಅಕ್ಷರದ್ದಲ್ಲ, ಮಣ್ಣಿನದು. ಬ್ರಹ್ಮಗಿರಿಯಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಮೊದಲು ಅಗೆಸಿದರು. ಅನಂತರ 1947ರಲ್ಲಿ, ಸ್ವಾತಂತ್ರ್ಯದ ವರ್ಷದಲ್ಲೇ, ಭಾರತ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿ ಮಾರ್ಟಿಮರ್ ವೀಲರ್ ಇಲ್ಲಿಯೂ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿಯೂ ಉತ್ಖನನ ನಡೆಸಿದರು. ವೀಲರ್ ಅದಕ್ಕೆ ಎರಡು ವರ್ಷ ಮೊದಲು ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ರೋಮ್ ಸಾಮ್ರಾಜ್ಯದ ವ್ಯಾಪಾರದ ಕುರುಹುಗಳನ್ನು ಕಂಡಿದ್ದರು. ಅಲ್ಲಿ ದೊರೆತ ಒಂದು ಬಗೆಯ ತಟ್ಟೆ, ಒಳಮೈಯಲ್ಲಿ ಸಣ್ಣ ಹಲ್ಲುಚಕ್ರವನ್ನು ಉರುಳಿಸಿ ಗೆರೆ ಮೂಡಿಸಿದ್ದು, ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿತು. ಅದರ ಆಧಾರದಿಂದಲೇ ಅವರು ಬ್ರಹ್ಮಗಿರಿಯ ಮಣ್ಣಿನ ಪದರಗಳಿಗೆ ಕಾಲ ಕಟ್ಟಿದರು. ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಎಂಬ ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತಿವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ನಾಣ್ಯ ಬಂದಿತೆಂದರೆ ನಾಣ್ಯದ ದೇಶದವನೂ ಬಂದನೆಂದು ಅರ್ಥವಲ್ಲ. ಕರಾವಳಿಯ ಬಂದರಿನಲ್ಲಿ ಇಳಿದ ಬೆಳ್ಳಿ ಹತ್ತು ಕೈ ಬದಲಾಯಿಸಿ ಇಲ್ಲಿಗೆ ಬಂದಿರಬಹುದು. ಆ ಬೆಳ್ಳಿಗಾಗಿ ರೋಮಿನಲ್ಲಿ ಕಣ್ಣೀರಿಟ್ಟವರುಂಟು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತವೊಂದೇ ನುಂಗುತ್ತಿದೆಯೆಂದು ಪ್ಲಿನಿ ಎಂಬ ಗ್ರಂಥಕಾರ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ದೂರಿದನು. ಇಂದಿನ ಭಾಷೆಯಲ್ಲಿ ಅದು ವಿದೇಶಿ ವಿನಿಮಯದ ಕೊರತೆಯ ದೂರು. ಅಂದು ಅತಿಥಿ ಬರಲಿಲ್ಲ, ಆತನ ಹಣ ಬಂದಿತು. ಆ ಹಣ ಬಂದದ್ದು ನೋಡುವ ಬಂಡೆಗಾಗಿ ಅಲ್ಲ, ಕೊಳ್ಳುವ ಸರಕಿಗಾಗಿ.

ವಿಜಯನಗರದ ಕಾಲಕ್ಕೆ ಈ ಸೀಮೆಯ ಉತ್ತರಕ್ಕೆ ಪರದೇಶೀಯರು ಗುಂಪಾಗಿಯೇ ಬಂದರು. ಇಟಲಿಯ ನಿಕೊಲೊ ಕೊಂಟಿ, ಪಾರಸಿಯ ಅಬ್ದುರ್ ರಜಾಕ್, ಪೋರ್ತುಗೀಸರ ಪಾಯೆಸ್, ನೂನಿಜ್ ಇವರ ಬರಹಗಳು ನಮಗೆಲ್ಲ ಪರಿಚಿತ. ಅವರ ಕಣ್ಣು ರಾಜಧಾನಿಯ ಮೇಲಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಪೇಟೆ ಎಲ್ಲಿಯೋ ಪ್ರವಾಸಿ ಅಲ್ಲಿ.

ಮತ್ತೆ ರೈಸ್ ಮತ್ತು ವೀಲರರ ಕಡೆಗೆ ತಿರುಗೋಣ. ಇವರಿಬ್ಬರ ಕೆಲಸದಿಂದ ಬ್ರಹ್ಮಗಿರಿಯ ಹೆಸರು ಜಗತ್ತಿನ ವಿದ್ಯಾಲಯಗಳಿಗೆ ಹೋಯಿತು. ದಕ್ಷಿಣ ಭಾರತದ ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಶಾತವಾಹನರ ಕಾಲ ಇವನ್ನು ಒಂದರ ಮೇಲೊಂದು ಇಟ್ಟು ತೋರಿಸಿದ ಮೊದಲ ಮೆಟ್ಟಿಲುಸಾಲು ಬ್ರಹ್ಮಗಿರಿಯದು. ಪುರಾತತ್ತ್ವ ಓದುವ ಹುಡುಗ ಲಂಡನ್ನಿನಲ್ಲಿದ್ದರೂ ಈ ಹೆಸರನ್ನು ಒಮ್ಮೆ ಉರು ಹೊಡೆಯಲೇಬೇಕು. ಆದರೆ ಊರಿಗೆ ಬಂದದ್ದೇನು? ಮಣ್ಣು ಹೊತ್ತವರಿಗೆ ಅಗೆತ ನಡೆದಷ್ಟು ದಿನ ಕೂಲಿ. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಮಳೆ ಅತಿ ಕಡಿಮೆ ಬೀಳುವ ಸೀಮೆಯಲ್ಲಿ ಸುಗ್ಗಿಯಿಲ್ಲದ ತಿಂಗಳ ಕೂಲಿ ದೊಡ್ಡದೇ. ವಿದ್ವಾಂಸರು ಡೇರೆ ಹಾಕಿ ರಾತ್ರಿಗಳನ್ನು ಕಳೆದರು, ಅಷ್ಟು ದಿನ ಹಾಲು, ಮೊಟ್ಟೆ, ಸೌದೆ ಮಾರಾಟವಾಗಿರಬೇಕು. ಡೇರೆ ಕಿತ್ತ ಮೇಲೆ ಅದೂ ನಿಂತಿತು.

ಇದಕ್ಕೆ ಎದುರಾಗಿ ಜಟಿಂಗರಾಮೇಶ್ವರದ ಬಂಡೆಯನ್ನು ನೋಡಬೇಕು. ರಾವಣನ ಪೆಟ್ಟಿಗೆ ಜಟಾಯು ಬಿದ್ದದ್ದು ಈ ಬೆಟ್ಟದಲ್ಲಿ ಎಂಬುದು ಸ್ಥಳದ ನಂಬಿಕೆ. ಮೇಲೆ ರಾಮೇಶ್ವರನ ಗುಡಿಯಿದೆ. ಅಲ್ಲಿರುವ ಅಶೋಕನ ಬರಹದ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅದರ ಮೇಲೆಯೇ ಚಪ್ಪರ ಹಾಕಿ ಕೂರುತ್ತಿದ್ದರು. ಚಪ್ಪರದ ಗೂಟ ನಿಲ್ಲಿಸಲು ಬಂಡೆಯಲ್ಲಿ ಕುಳಿಗಳನ್ನು ತೋಡಿದರು. ಮೂರು ಬರಹಗಳಲ್ಲಿ ಬಹಳವಾಗಿ ಸವೆದು ಹೋದದ್ದು ಇದೇ.

ಪುರಾತತ್ತ್ವದ ದೃಷ್ಟಿಯಿಂದ ಇದು ದೊಡ್ಡ ಹಾನಿ, ಅನುಮಾನವಿಲ್ಲ. ಆದರೆ ಆರ್ಥಿಕ ಚರಿತ್ರೆಯನ್ನು ಬರೆಯುವವನಿಗೆ ಆ ಕುಳಿಗಳೂ ಒಂದು ಶಾಸನವೇ. ಬೆಟ್ಟ ಹತ್ತಿ ಬಂದ ಭಕ್ತರ ಹಣ ಯಾರ ಕೈಗೆ ಹೋಯಿತೆಂಬುದನ್ನು ಅವು ಹೇಳುತ್ತವೆ. ಕೈಗೆ ಬಳೆ ತೊಡಿಸಿಕೊಂಡ ಹೆಂಗಸು ಕೊಟ್ಟ ಕಾಸು ನೇರವಾಗಿ ಬಳೆಗಾರನ ಗಂಟಿಗೆ ಬಿತ್ತು. ನಡುವೆ ಯಾವ ಏಜೆಂಟನೂ ಇರಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಇದನ್ನೇ ಇಂದಿಗೂ ದೊಡ್ಡ ಪ್ರಮಾಣದಲ್ಲಿ ಕಾಣಬಹುದು. ಫಾಲ್ಗುಣದಲ್ಲಿ ನಡೆಯುವ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗಾಡಿ ಕಟ್ಟಿಕೊಂಡು ಬಂದು ಬಯಲಿನಲ್ಲಿಯೇ ತಂಗುವುದು, ಒಣಕೊಬ್ಬರಿಯನ್ನು ಬೆಂಕಿಗೆ ಅರ್ಪಿಸುವುದು, ರಥ ಹೊರಡುವ ಮೊದಲು ಮುಕ್ತಿಬಾವುಟವನ್ನು ಹರಾಜು ಕೂಗುವುದು, ಇವೆಲ್ಲ ಅಲ್ಲಿಯ ವಿಶೇಷಗಳು. ಬಾವುಟದ ಹರಾಜಿಗೆ ಲಕ್ಷಗಳಲ್ಲಿ ಬೆಲೆ ಬರುತ್ತದೆ. ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರೆಂದು, ಮಣ್ಣು ಹೊತ್ತವರಿಗೆ ಅವರವರ ದುಡಿಮೆಗೆ ತಕ್ಕ ಕೂಲಿ ಕೊಟ್ಟವರೆಂದು ಜನ ಸ್ಮರಿಸುತ್ತಾರೆ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಈ ಸೀಮೆಯಲ್ಲಿ ಗಾದೆಯಾಗಿದೆ. ಅದೇ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ. ಇವರು ಯಾರೂ ಡಾಲರು ತರುವವರಲ್ಲ. ಆದ್ದರಿಂದ ವಿದೇಶಿ ವಿನಿಮಯದ ಪಟ್ಟಿಯಲ್ಲಿ ಇವರಿಗೆ ಸ್ಥಳವಿಲ್ಲ.

ಹಾಗಾದರೆ ಡಾಲರಿನ ಮಾತಿಗೆ ಬರೋಣ. ಪ್ರವಾಸಿಗಳನ್ನು ಬರಮಾಡಿಕೊಂಡು ದೇಶ ಸಂಪಾದಿಸಬಹುದೆಂಬ ವಿಚಾರ ನಮ್ಮಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನದು. 1945ರಲ್ಲಿ ಸರ್ ಜಾನ್ ಸಾರ್ಜೆಂಟರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಇದಕ್ಕಾಗಿ ನೇಮಕವಾಯಿತು. 1951ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗಳು ಸುಮಾರು ಹದಿನೇಳು ಸಾವಿರ ಮಂದಿ. ಒಂದು ದೊಡ್ಡ ಜಾತ್ರೆಯ ಒಂದು ಓಣಿಯ ಜನ ಎನ್ನಬಹುದು. 1956ರಲ್ಲಿ ಯುನೆಸ್ಕೋ ಸಮ್ಮೇಳನ ದೆಹಲಿಯಲ್ಲಿ ಸೇರಲಿದ್ದಾಗ ಹೊರಗಿನ ಪ್ರತಿನಿಧಿಗಳಿಗೆ ತಂಗಲು ತಕ್ಕ ಎಡೆಯಿಲ್ಲವೆಂದು ಸರ್ಕಾರವೇ ಒಂದು ಭಾರಿ ಹೋಟೆಲನ್ನು ಕಟ್ಟಿಸಿತು. ಅದಕ್ಕಿಟ್ಟ ಹೆಸರು ಅಶೋಕ. 1966ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಅದರ ಹೋಟೆಲುಗಳೂ ಅದೇ ಹೆಸರನ್ನು ಹೊತ್ತವು. ಬೆಂಗಳೂರಿನಲ್ಲೂ ಒಂದು ಅಶೋಕ ಹೋಟೆಲು ಎದ್ದಿತು. ಚಕ್ರವರ್ತಿಗೆ ಇದು ಒಪ್ಪುವ ಗೌರವವೇ ಸರಿ. ದಾರಿಗಳ ಬದಿಯಲ್ಲಿ ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುದಾಣ ಕಟ್ಟಿಸಿದೆನೆಂದು ದೆಹಲಿಯ ಕಂಬದ ಶಾಸನದಲ್ಲಿ ಆತನೇ ಹೇಳಿಕೊಂಡಿದ್ದಾನೆ. ಆತನ ಹೆಸರಿನ ಹೋಟೆಲುಗಳು ಮಹಾನಗರಗಳಲ್ಲಿ ಬೆಳೆದವು. ಆತನ ಅಕ್ಷರಗಳಿರುವ ಬಂಡೆಯ ಬಳಿ ಅಂಥದೊಂದು ಎದ್ದಿಲ್ಲ.

ನಿಗಮ ಹುಟ್ಟಿದ ವರ್ಷವನ್ನು ಗಮನಿಸಬೇಕು. 1966ರ ಜೂನ್ ತಿಂಗಳಲ್ಲಿಯೇ ರೂಪಾಯಿಯ ಬೆಲೆಯನ್ನು ಇಳಿಸಲಾಯಿತು; ಡಾಲರೊಂದಕ್ಕೆ 4.76 ಇದ್ದದ್ದು 7.50 ಆಯಿತು. ಬರ, ಯುದ್ಧ, ಆಹಾರಧಾನ್ಯದ ಆಮದು ಇವುಗಳಿಂದ ವಿದೇಶಿ ಹಣದ ಬೊಕ್ಕಸ ಬರಿದಾಗಿತ್ತು. ಹಡಗಿನಲ್ಲಿ ಸರಕು ತುಂಬಿ ಕಳುಹಿಸದೆ, ಮನೆಯ ಜಗಲಿಯಲ್ಲಿ ಕುಳಿತೇ ರಫ್ತು ಮಾಡುವ ಉಪಾಯವಾಗಿ ಪ್ರವಾಸೋದ್ಯಮ ಕಂಡಿತು. ತಾಜಮಹಲನ್ನು ಸಾಗಿಸಬೇಕಾಗಿಲ್ಲ, ಅದನ್ನು ನೋಡುವವನೇ ಬರುತ್ತಾನೆ. 1967ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಪ್ರವಾಸ ವರ್ಷವೆಂದು ಸಾರಿತು. 1971ರಲ್ಲಿ ನಮ್ಮ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಬಂದಿತು.

ಈ ಉಪಾಯ ಫಲಿಸಿದ ದೇಶವೆಂದು ಎಲ್ಲರೂ ಬೆರಳು ತೋರುವುದು ಸ್ಪೇನಿನ ಕಡೆಗೆ. ಅಂತರ್ಯುದ್ಧದಿಂದ ಸೊರಗಿ, ಬಾಗಿಲು ಮುಚ್ಚಿಕೊಂಡಿದ್ದ ಆ ದೇಶ 1959ರಲ್ಲಿ ತನ್ನ ಆರ್ಥಿಕ ನೀತಿಯನ್ನು ಬದಲಾಯಿಸಿ ಹೊರಗಿನವರಿಗೆ ಬಾಗಿಲು ತೆರೆಯಿತು. 1960ರಲ್ಲಿ ಅಲ್ಲಿಗೆ ಬಂದವರು ಸುಮಾರು 60 ಲಕ್ಷ. 1973ರ ಹೊತ್ತಿಗೆ 3 ಕೋಟಿ 40 ಲಕ್ಷವನ್ನು ಮೀರಿತು. ಅವರು ಬಿಟ್ಟುಹೋದ ಹಣದಿಂದ ಸ್ಪೇನು ಯಂತ್ರಗಳನ್ನು ಕೊಂಡಿತು, ಕಾರ್ಖಾನೆ ಹೂಡಿತು. 2002ರಲ್ಲಿ ಇಬ್ಬರು ಸ್ಪೇನಿನ ಅರ್ಥಶಾಸ್ತ್ರಜ್ಞರು ಹಲವು ವರ್ಷಗಳ ಅಂಕಿಗಳನ್ನು ಪರೀಕ್ಷಿಸಿ, ಅಲ್ಲಿ ಪ್ರವಾಸೋದ್ಯಮವು ಮುಂದೆ ನಡೆದು ಆರ್ಥಿಕ ಬೆಳವಣಿಗೆಯನ್ನು ಹಿಂದೆ ಎಳೆದು ತಂದಿತೆಂದು ವಾದಿಸಿದರು. ಅಂದಿನಿಂದ ಬೇರೆ ಬೇರೆ ದೇಶಗಳ ಅಂಕಿಗಳನ್ನು ಇದೇ ಒರೆಗೆ ಹಚ್ಚಿದವರು ಬಹಳ. ಕೆಲವು ಕಡೆ ಎತ್ತು ಮುಂದೆ, ಕೆಲವು ಕಡೆ ಗಾಡಿ ಮುಂದೆ ಎಂಬ ಉತ್ತರ ಬಂದಿದೆ. ರಸ್ತೆ, ರೈಲು, ನೀರು, ಆಸ್ಪತ್ರೆ ಇರುವ ದೇಶಕ್ಕೆ ಪ್ರವಾಸಿ ಹೋಗುತ್ತಾನೆ. ಅವನು ಹೋದದ್ದರಿಂದ ಅವು ಬಂದುವೋ, ಅವು ಇದ್ದುದರಿಂದ ಅವನು ಹೋದನೋ ಎಂದು ಬಿಡಿಸುವುದು ಸುಲಭವಲ್ಲ.

ನಮ್ಮ ಅಂಕಿಗಳೂ ದೊಡ್ಡವೇ ಆದವು. 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗಳು ಒಂದು ಕೋಟಿ ಒಂಬತ್ತು ಲಕ್ಷ. ಅವರಿಂದ ಬಂದ ವಿದೇಶಿ ವಿನಿಮಯ ಎರಡು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಮರುವರ್ಷ ಮಹಾಮಾರಿಯಿಂದ ಆ ಸಂಖ್ಯೆ 27 ಲಕ್ಷಕ್ಕೆ ಕುಸಿಯಿತು. ಒಂದು ವರ್ಷದಲ್ಲಿ ಮುಕ್ಕಾಲು ಭಾಗ ಬತ್ತಿಹೋಗುವ ಹೊಳೆಯನ್ನು ನಂಬಿ ಬೇಸಾಯ ಮಾಡುವ ಕಷ್ಟವೇನೆಂದು ಚಳ್ಳಕೆರೆಯ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಎರಡು ಲಕ್ಷ ಕೋಟಿ ಎಲ್ಲಿ ಇಳಿಯುತ್ತದೆ? ಪ್ರವಾಸಿ ಕೊಟ್ಟ ಹಣದಲ್ಲಿ ಹೋಟೆಲಿನ ಕೋಣೆಗೆ ಒಂದು ದೊಡ್ಡ ಪಾಲು. ಆಮೇಲೆ ಊಟ, ವಾಹನ, ಕೊಳ್ಳುವ ವಸ್ತು. ಕೋಣೆಯಿರುವ ಊರಿನಲ್ಲಿ ಅಡಿಗೆಯವನು, ಅಗಸ, ತರಕಾರಿಯವಳು, ಚಾಲಕ ಇವರ ಕೈಗೆ ಅದು ಹರಿಯುತ್ತದೆ. ಅವರು ಅದನ್ನು ಮತ್ತೆ ಅದೇ ಪೇಟೆಯಲ್ಲಿ ಖರ್ಚು ಮಾಡುತ್ತಾರೆ. ಒಂದು ರೂಪಾಯಿ ಎರಡಾಗುವುದು ಹೀಗೆ. ಕೋಣೆಯಿಲ್ಲದ ಊರಿನಲ್ಲಿ ಇದು ಯಾವುದೂ ಆಗುವುದಿಲ್ಲ. ಅಲ್ಲಿ ಅವನು ಕಾರಿನಿಂದ ಇಳಿದು, ನೋಡಿ, ಚಿತ್ರ ತೆಗೆದು, ಕಾರು ಹತ್ತುತ್ತಾನೆ. ಊಟದ ಪೊಟ್ಟಣವನ್ನೂ ಹೊರಟ ಊರಿನಿಂದಲೇ ತಂದಿರುತ್ತಾನೆ.

ಬೆಂಗಳೂರಿನಿಂದ ಹಿರಿಯೂರಿಗೆ ಬಂದ ಮೇಲೆ ಹಂಪೆಯ ಕಡೆಗೆ ಎರಡು ದಾರಿಗಳಿವೆ. ಒಂದು ಚಿತ್ರದುರ್ಗದ ಮೇಲೆ ಹೊಸಪೇಟೆಗೆ. ಇನ್ನೊಂದು ಚಳ್ಳಕೆರೆ, ಹಾನಗಲ್, ರಾಂಪುರಗಳನ್ನು ದಾಟಿ ಬಳ್ಳಾರಿಗೆ. ಈ ಎರಡನೆಯ ದಾರಿಯಲ್ಲಿ ಹೋಗುವವನು ಬ್ರಹ್ಮಗಿರಿಗೆ ತೀರ ಹತ್ತಿರದಿಂದ ಹಾದುಹೋಗುತ್ತಾನೆ. ಅವನಿಗೆ ಹಂಪೆ ಗೊತ್ತು. 1986ರಲ್ಲಿ ಅದು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಶೋಕನೂ ಗೊತ್ತು, ಸಾರನಾಥ, ಬೋಧಗಯೆಗಳ ಯಾತ್ರೆಗೆ ಜಪಾನು, ಸಿಂಹಳಗಳಿಂದ ಬರುವವರಿಗಂತೂ ಆತ ಪ್ರಾತಃಸ್ಮರಣೀಯ. ಆ ಎರಡೂ ಯಾತ್ರೆಗಳು ಕೂಡುವ ಈ ತಿರುವಿನಲ್ಲಿ ಕಾರು ಮಾತ್ರ ನಿಲ್ಲುವುದಿಲ್ಲ.

ನಿಂತರೆ ಎಲ್ಲ ಸರಿಹೋಗುತ್ತದೆಯೆ? ಹಂಪೆಯ ಅನುಭವ ಹಾಗೆ ಹೇಳಗೊಡುವುದಿಲ್ಲ. ಅಲ್ಲಿ ವಿದೇಶಿ ಪ್ರವಾಸಿಗೆ ಕೋಣೆ ಕೊಟ್ಟು, ಚಹಾ ಮಾರಿ ಬದುಕು ಕಟ್ಟಿಕೊಂಡವರು ಬಹುಪಾಲು ಸಣ್ಣವರು. 2011ರಲ್ಲಿ ವಿರೂಪಾಕ್ಷನ ಬೀದಿಯ ಅಂಗಡಿ ಮನೆಗಳನ್ನು ತೆರವು ಮಾಡಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಹೊಳೆಯಾಚೆಯ ವಿರೂಪಾಪುರಗಡ್ಡೆಯ ತಂಗುಮನೆಗಳೂ ನೆಲಸಮವಾದವು. ಸ್ಮಾರಕದ ರಕ್ಷಣೆ ಅಗತ್ಯವೆಂದು ವಾದಿಸುವವರ ಪಕ್ಷದಲ್ಲಿ ನ್ಯಾಯವಿದೆ. ಬಳೆಗಾರ ಗುಂಡಿನ ಕುಳಿಗಳನ್ನು ನೋಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ರಕ್ಷಣೆಯ ಹೆಸರಿನಲ್ಲಿ ಮೊದಲು ಹೊರಗೆ ಹೋಗುವವನು ಬಳೆಗಾರನೇ ಎಂಬುದೂ ಅಷ್ಟೇ ನಿಜ. ಗುಂಡನ್ನು ಬಿಟ್ಟು ನಾಲ್ಕು ಮಾರು ಆಚೆಗೆ ಅವನಿಗೊಂದು ಚಪ್ಪರದ ಜಾಗ ತೋರಿಸುವ ಕೆಲಸ ಯಾವ ಇಲಾಖೆಗೆ ಸೇರಿದ್ದೋ ತಿಳಿಯದು.

ಈ ಎರಡು ತಾಲ್ಲೂಕುಗಳು ಬದುಕಿದ್ದು ಪ್ರವಾಸಿಯಿಂದಲ್ಲ. ಕುರಿ, ಕಡಲೆಕಾಯಿ, ರೇಷ್ಮೆಗಳಿಂದ. ಚಳ್ಳಕೆರೆಯ ಕಂಬಳಿಯ ಹೆಸರು ಹಳೆಯದು. ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂತು, ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿ, ಗಂಡಸರು ಕುಣಿಮಗ್ಗದಲ್ಲಿ ನೇಯ್ದ ಆ ಕಪ್ಪು ಕಂಬಳಿ ಮಳೆಗೂ ಚಳಿಗೂ ಬಾಣಂತಿಗೂ ಬೇಕಾಗಿತ್ತು. ಗಿರಣಿಯ ಹೊದಿಕೆಗಳು ಅಗ್ಗವಾಗಿ ಬಂದ ಮೇಲೆ ಅದನ್ನು ಕೇಳುವವರು ಕಡಿಮೆಯಾದರು. ಕಡಲೆಕಾಯಿಯ ಕಥೆ ಇನ್ನೂ ಹತ್ತಿರದ್ದು. ಎಣ್ಣೆ ಗಿರಣಿಗಳ ಸಾಲಿನಿಂದಾಗಿ ಚಳ್ಳಕೆರೆಗೆ ಎಣ್ಣೆಯ ನಗರವೆಂದು ಹೆಸರಾಯಿತು. ಎರಡನೆಯ ಮುಂಬಯಿ ಎಂದು ಜನ ಹೆಮ್ಮೆಪಟ್ಟರು. 1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಮುಕ್ತಗೊಳಿಸಿತು. ಮಲೇಷಿಯಾ, ಇಂಡೋನೇಷಿಯಾಗಳ ಅಗ್ಗದ ಎಣ್ಣೆ ಹಡಗು ಹಡಗಾಗಿ ಇಳಿಯಿತು. ಒಂದಾದ ಮೇಲೊಂದು ಗಿರಣಿಯ ಬಾಗಿಲು ಮುಚ್ಚಿತು. ಮಳೆಯೂ ಕೈಕೊಟ್ಟಿತು, ಕಡಲೆಕಾಯಿಯ ಇಳುವರಿಯೂ ಇಳಿಯಿತು; ಎಲ್ಲ ಪಾಪವನ್ನೂ ತಾಳೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಆಗ್ರಾದಲ್ಲೋ ಗೋವೆಯಲ್ಲೋ ಪ್ರವಾಸಿ ಬಿಟ್ಟುಹೋದ ಡಾಲರು ದೇಶದ ಬೊಕ್ಕಸಕ್ಕೆ ಬಂದು, ಮತ್ತೆ ಎಣ್ಣೆಯ ಬೆಲೆಯಾಗಿ ಹೊರಗೆ ಹೋಗುವಾಗ, ಚಳ್ಳಕೆರೆಯ ಪಾಲಿಗೆ ಬರುವಾಗಲೂ ಏನಿಲ್ಲ, ಹೋಗುವಾಗ ನಷ್ಟ. ರಾಷ್ಟ್ರದ ಲೆಕ್ಕದಲ್ಲಿ ಇವೆರಡೂ ಎರಡು ಸಾಲುಗಳು ಮಾತ್ರ.

ಮೊಳಕಾಲ್ಮೂರಿನ ಕೈಯಲ್ಲಿ ಮಾತ್ರ ಮಾರುವುದಕ್ಕೆ ಇನ್ನೂ ಒಂದು ವಸ್ತು ಉಳಿದಿದೆ. ಅಂಚು ಒಂದು ಬಣ್ಣ, ಒಡಲು ಒಂದು ಬಣ್ಣವಾಗಿ ನೇಯುವ ಅಲ್ಲಿಯ ರೇಷ್ಮೆ ಸೀರೆಗೆ 2010–11ರ ಸಾಲಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬೇರೆ ಊರಿನಲ್ಲಿ ನೇಯ್ದದ್ದನ್ನು ಈ ಹೆಸರಿನಲ್ಲಿ ಮಾರುವಂತಿಲ್ಲವೆಂದು ಅದರ ತಾತ್ಪರ್ಯ. ಬಂಡೆಯಂತೆ ಇದು ಕೂತಲ್ಲಿಯೇ ಕೂತಿರುವ ವಸ್ತುವಲ್ಲ. ಕೊಂಡವನ ಜೊತೆ ಹೋಗುತ್ತದೆ, ಹೋಗುವಾಗ ಹಣವನ್ನು ಇಲ್ಲಿ ಬಿಟ್ಟು ಹೋಗುತ್ತದೆ. ಟೈಬೀರಿಯಸನ ಬೆಳ್ಳಿ ಈ ಕಡೆಗೆ ಬಂದದ್ದೂ ಹೀಗೆಯೇ.

ಹತ್ತಿರದವರನ್ನು ಕರೆತರುವ ವಿದ್ಯೆಯಂತೂ ಈ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಕೋಟೆಗೆ ಕನ್ನಡಿಗರು ತಂಡತಂಡವಾಗಿ ಬರಲು ತೊಡಗಿದ್ದರಲ್ಲಿ ಸರ್ಕಾರದ ಪ್ರಚಾರಪತ್ರಗಳಿಗಿಂತ ತ. ರಾ. ಸುಬ್ಬರಾಯರ ಕಾದಂಬರಿಗಳ ಪಾತ್ರ ದೊಡ್ಡದೆಂದು ನನ್ನ ನಂಬಿಕೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ಅವರ ಕಥೆಯಿಂದ ನಾಗರಹಾವು ಚಿತ್ರ ತೆಗೆದ ಮೇಲೆ ಆ ಬಂಡೆಗಳನ್ನು ನೋಡದೆ ದುರ್ಗದಿಂದ ಹಿಂದಿರುಗಿದವರು ಕಡಿಮೆ. ತ. ರಾ. ಸು. ಅವರ ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ದುರ್ಗಕ್ಕೆ ಇಷ್ಟು ಜನರನ್ನು ಕಳುಹಿಸಿದ ತಳುಕಿಗೆ ಬರುವವರು ಸಾಹಿತ್ಯದ ವಿದ್ಯಾರ್ಥಿಗಳು ಮಾತ್ರ. ಅವರೂ ಸಂಜೆಯ ಬಸ್ಸಿಗೆ ಹೊರಡುತ್ತಾರೆ.

ಅಕ್ಷರಗುಂಡು ಇಂದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹಗಲು ಹೋದವರು ಅದನ್ನು ನೋಡಬಹುದು. ಬಿಸಿಲು ಬಾಗಿದ ಹೊತ್ತಿನಲ್ಲಿ ಹೋದರೆ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಓರೆ ಬೆಳಕಿನಲ್ಲಿ ಕೊರೆದ ಗೆರೆಗಳಿಗೆ ನೆರಳು ಬೀಳುತ್ತದೆ. ಆದರೆ ಆ ಹೊತ್ತಿಗೆ ದೂರದಿಂದ ಬಂದವನಿಗೆ ಹೊಸಪೇಟೆಯಲ್ಲೋ ಚಿತ್ರದುರ್ಗದಲ್ಲೋ ಕಾದಿರಿಸಿದ ಕೋಣೆಯ ನೆನಪಾಗುತ್ತದೆ. ಚಪಡನ ರುಜು ಕೊನೆಯ ಸಾಲಿನಲ್ಲಿದೆ. ಅದನ್ನು ಹುಡುಕಿ ನೋಡುವಷ್ಟು ಹೊತ್ತು ನಿಲ್ಲುವವರು ಕಡಿಮೆ.